ನೀಲಿ ಐರಿಸ್ಸಿನ ತವರು

"ಮೂರು ಒಗಟು ಬಿಡಿಸಿದೋನಿಗೆ ರಾಜನ ಮಗಳು, ತಪ್ಪಿದೋನಿಗೆ ಕತ್ತಿ" ಅಂತ ನಮ್ಮ ಬೀದೀಲಿ ಡಂಗುರ ಹೊಡೆದ್ರು. ಒಗಟು ಹಾಕೋಳು ಮಗಳು, ತಲೆ ತೆಗೆಯೋನು ಅಪ್ಪ. ಎಂಥಾ ಮನೆ ನೋಡಿ.

ನಮ್ಮ ಪಕ್ಕದ್ಮನೆ ದ್ಯಾವಣ್ಣನೂ ಹೊರಟ. ಬೀಜ ಕೇರಿ ಬದುಕೋನು, ಮೈಮೇಲೆ ನೆಟ್ಟಗೊಂದು ಅಂಗಿ ಇಲ್ಲ. ಅವನವ್ವ ಸಾಕವ್ವಂಗೆ ಸಾಯೋವರೆಗೂ ಒಂದೇ ಹುಚ್ಚು. ಯಾರ ಹತ್ರ ಬೀಜ ಬದಲಾಯಿಸಿಕೊಂಡ್ರೂ, ಯಾರು ಕಿತ್ತಿದ್ದು, ಯಾವೂರದ್ದು ಅಂತ ಚೀಟಿ ಬರೆಸ್ಕೊಳ್ಳೋಳು. "ಬೀಜಕ್ಕೂ ಜಾತಕ ಬರೆಸ್ತೀಯೇನೇ?" ಅಂತ ನಾನೇ ಎಷ್ಟೋ ಸಲ ಆಡ್ಕೊಂಡಿದ್ದೀನಿ.

ಅರಮನೇಲಿ ನಾನೂ ಜನದ ನಡುವೆ ನಿಂತಿದ್ದೆ. ರಾಜನ ಮಗಳು ಕೇಳಿದ್ಲು, "ಪೆಟ್ಟಿಗೇಲಿ ಕೂಡಿಟ್ರೆ ಸಾಯುತ್ತೆ, ಹೂತುಬಿಟ್ರೆ ಬದುಕುತ್ತೆ. ಏನದು?"

ದಳವಾಯಿ ಮಗ "ಚಿನ್ನ" ಅಂದ. ಎಳ್ಕೊಂಡು ಹೋದ್ರು.

"ಬೀಜ, ಅಮ್ಮಣ್ಣಿ" ಅಂದ ದ್ಯಾವಣ್ಣ.

"ತಾಯಿ ಯಾರು ಗೊತ್ತು, ಅಪ್ಪ ಯಾರು ಗೊತ್ತಿಲ್ಲ. ಆದ್ರೂ ಯಾರೂ ಆಡ್ಕೊಳ್ಳಲ್ಲ" ಅಂತ ಅವಳು ಎರಡನೇದು ಹಾಕಿದ್ಲು.

ಪಾಳೇಗಾರನ ಮಗ "ಕೋಗಿಲೆ ಮರಿ" ಅಂದ. ಅವನೂ ಹೋದ.

"ತೋಟದಲ್ಲಿ ಕಟ್ಟಿದ ಬೀಜ" ಅಂದ ದ್ಯಾವಣ್ಣ. "ಯಾವ ಗಿಡದಿಂದ ಕಿತ್ತಿದ್ದು ಅಂತ ಹೇಳಬಹುದು. ದುಂಬಿ ಯಾವ ಹೂವಿಂದ ಪುಡಿ ಹೊತ್ತು ತಂತೋ ಯಾರಿಗೆ ಗೊತ್ತು?"

ಅವಳು ನೀಲಿ ಐರಿಸ್ ಹೂವೊಂದನ್ನ ಎತ್ತಿ ಹಿಡಿದ್ಲು. "ಇದು ಅವ್ವ ನೆಟ್ಟಿದ್ದು. ನಾನಾಗ ಕೈಕೂಸು. ತನ್ನ ಬೂದೀನ ತವರ ಮಣ್ಣಿಗೆ ಸೇರಿಸಿ ಅಂದು ಸತ್ತಳಂತೆ. ಇನ್ನೂ ಕುಡಿಕೇಲೇ ಇದೆ. ಈ ಹೂವಿನ ತವರು ಯಾವುದು?"

ರಾಜ ಮೀಸೆಯಡೀಲೇ ನಕ್ಕ. ರಾಣಿ ತವರೂರಿನ ಹೆಸರು ಎತ್ತಬಾರದು ಅಂತ ಎಲ್ಲರ ಬಾಯಿ ಮುಚ್ಚಿಸಿದ್ದೋನೇ ಅವನು.

ದ್ಯಾವಣ್ಣ ಸೊಂಟದಿಂದ ಒಂದು ಹಳೇ ಚೀಟಿ ತೆಗೆದು ಓದಿದ. "ನೀಲಿ ಐರಿಸ್. ಗೂಬೆಕಲ್ಲು ಊರಿನ ಹಳ್ಳದ ದಂಡೆ. ಯಾರೂ ನೆಟ್ಟಿದ್ದಲ್ಲ, ತಾನಾಗಿ ಬೆಳೆದದ್ದು. ಮದುವೆಗೆ ಹೊರಡೋ ದಿನ ನಾನೇ ಕಿತ್ತಿದ್ದು." ಆಮೇಲೆ ಅಂದ, "ನಮ್ಮವ್ವಂಗೆ ಬೀಜ ಕೊಡುವಾಗ ನಿಮ್ಮವ್ವಾರೇ ಬರೆದಿದ್ದು, ಅಮ್ಮಣ್ಣಿ."

"ಗೂಬೆಕಲ್ಲು ಎಲ್ಲಿದೆ?"

ದ್ಯಾವಣ್ಣ ಕತ್ತಿ ಹಿಡಿದೋನ ಕಡೆ ಒಂದ್ಸಲ ನೋಡಿದ. "ನಿಮ್ಮಪ್ಪ ಕಟ್ಟಿಸಿದ ದೊಡ್ಡ ಕೆರೆ ಅಡೀಲಿ."

"ಹೌದಾ, ಅಪ್ಪಾಜಿ?"

ರಾಜ ತಲೆ ತಗ್ಗಿಸಿದ. "ಹುಡುಗ ಸರಿಯಾಗೇ ಹೇಳಿದ, ಬಿಡ್ರಿ" ಅಂದ.

ಬೂದೀನ ಕೆರೇಲಿ ಬಿಟ್ರು. ಆಮೇಲೆ ಮದುವೆ ಆಯ್ತು, ವಾಲಗ ಇಲ್ದೆ. ಈಗ ಅವಳೇ ವರ್ಷವರ್ಷ ಬೀಜ ಹಂಚ್ತಾಳೆ, ಚೀಟೀಲಿ "ಗೂಬೆಕಲ್ಲು, ಈಗಿಲ್ಲ" ಅಂತ ಬರೀತಾಳೆ. ಆ ಹಳೇ ಚೀಟಿ ಸದಾ ಅವಳ ಮಡಿಲಲ್ಲೇ ಇರುತ್ತೆ. ಅವ್ವನ ಅಕ್ಷರ ಅಂತ ಅವಳಿಗಿರೋದು ಅದೊಂದೇ.

ಸಾಕವ್ವಂಗೆ ಬೀಜ ಕೊಟ್ಟ ದಿನ, ಅವಳವ್ವ ಆ ರಾಣಿ ನನಗೂ ಒಂದು ಪೊಟ್ಟಣ ಕೊಟ್ಟಿದ್ರು, ಚೀಟಿ ಬರೆದು. ನಾನು ಆ ಚೀಟೀನ ಒಲೆ ಹಚ್ಚೋಕೆ ಹಾಕಿದೆ. ಊರಿನ ಎಲ್ಲರ ಸುದ್ದಿ ಹೇಳೋ ನಾನು ಇದೊಂದನ್ನ ಅವಳಿಗೆ ಇನ್ನೂ ಹೇಳಿಲ್ಲ.