ಬೋರ್ಡಿನ ಬುಡ

ಮೊಟ್ಟೆಯಿಡುವ ದಿನ ಹತ್ತಿರವಾದರೂ ಗೌಜಲಕ್ಕಿಗೆ ನೆಲೆ ಸಿಕ್ಕಿರಲಿಲ್ಲ. ಯಾವ ಹೊಲಕ್ಕೆ ಹೋದರೂ ಟ್ರ್ಯಾಕ್ಟರಿನ ಸದ್ದು. ನಿಂತಲ್ಲಿ ನಿಲ್ಲಲಾರದೆ ಓಡಾಡುತ್ತಿದ್ದ ಹಕ್ಕಿಯನ್ನು, ನಿಂಗನಗೌಡರ ಹೊಲದಂಚಿನ ಹುಲ್ಲಿನಲ್ಲಿ ನೆಟ್ಟಿದ್ದ ಹಸಿರು ಬೋರ್ಡು ಕರೆಯಿತು.

"ಬಾ ತಾಯಿ. ಈ ಹುಲ್ಲನ್ನು ಉಳದೆ ಬಿಡಲೆಂದೇ ಸರ್ಕಾರ ಗೌಡರಿಗೆ ಸಹಾಯಧನ ಕೊಟ್ಟಿದೆ. ನಾನು ನಿಂತ ಕಡೆ ನೇಗಿಲು ಇಳಿಯುವುದಿಲ್ಲ."

"ನಿಜವೇನಣ್ಣ?"

"ನೀನೇ ನೋಡು. ನೆತ್ತಿಯ ಮೇಲೆ ಸರ್ಕಾರದ ಮುದ್ರೆಯೇ ಇದೆ."

ಹಕ್ಕಿ ಕತ್ತೆತ್ತಿ ಮುದ್ರೆ ನೋಡಿತು, ನಂಬಿತು, ಬೋರ್ಡಿನ ಮರೆಯಲ್ಲೇ ಏಳು ಮೊಟ್ಟೆ ಇಟ್ಟಿತು.

ಕಾವು ಕೂತ ಮೂರನೆಯ ದಿನ ಅಧಿಕಾರಿ ಬಂದರು, ಗೌಡರನ್ನು ಬೋರ್ಡಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋದರು. ಜೀಪು ತಿರುವು ದಾಟಿದ್ದೇ ತಡ, ಗೌಡರು ಟ್ರ್ಯಾಕ್ಟರಿನವನನ್ನು ಕೂಗಿದರು: "ಬೋರ್ಡು ಕಿತ್ತು ಕೆರೆ ಕಡೆ ಹೊಲದಲ್ಲಿ ನೆಡೋ, ನಾಳೆ ಸಾಹೇಬ್ರು ಅಲ್ಲಿಗೆ ಬರ್ತಾರೆ. ಇದನ್ನ ಈಗಲೇ ಉತ್ತುಬಿಡು."

ಹಕ್ಕಿ ಚೀರುತ್ತಾ ಹಾರಿತು. ತಿರುಗಿ ನೋಡಿದರೆ ಹುಲ್ಲೂ ಇಲ್ಲ, ಗೂಡೂ ಇಲ್ಲ, ಬರೀ ಉತ್ತ ಮಣ್ಣು.

ಅಲೆದಲೆದು ಕೆರೆ ಕಡೆಯ ಹೊಲ ಸೇರಿದಾಗ ಅದೇ ದನಿ ಕೇಳಿಸಿತು.

"ಬಾ ತಾಯಿ. ನಾನು ನಿಂತ ಕಡೆ ನೇಗಿಲು ಇಳಿಯುವುದಿಲ್ಲ ಅಂದಿದ್ದೆ. ನಾನೇನು ಸುಳ್ಳು ಹೇಳಿದೆನೇ?"

ಈ ಸಲ ಹಕ್ಕಿ ಮುದ್ರೆಯತ್ತ ಕತ್ತೆತ್ತಲಿಲ್ಲ. ತಲೆ ತಗ್ಗಿಸಿ ಬೋರ್ಡಿನ ಬುಡ ನೋಡಿತು. ಅಗೆದ ಮಣ್ಣು ಇನ್ನೂ ಆರಿರಲಿಲ್ಲ.