ಗಿಡ್ಡಣ್ಣ ಜೋಡು ಬಿಚ್ಚಿದ್ದು

ಒಂದಾನೊಂದು ಕಾಲದಲ್ಲಿ, ಅಮೆರಿಕಾ ದೇಶದ ನಕ್ಷೆ ಇನ್ನೂ ಅರ್ಧ ಖಾಲಿ ಇದ್ದ ಕಾಲದಲ್ಲಿ, ಪಡುವಣಕ್ಕೆ ಏನಿದೆ ಅಂತ ಆ ದೇಶದ ದೊರೆಗಳಿಗೇ ಗೊತ್ತಿರಲಿಲ್ಲವಂತೆ. ಸಮುದ್ರ ಇದೆ ಅಂತ ಒಬ್ಬ, ಉಪ್ಪಿನ ಬೆಟ್ಟ ಇದೆ ಅಂತ ಇನ್ನೊಬ್ಬ, ಭೂಮಿ ಅಲ್ಲಿಗೇ ಮುಗಿದು ಕೆಳಕ್ಕೆ ಬೀಳ್ತೀವಿ ಅಂತ ಮತ್ತೊಬ್ಬ. ಹೋಗಿ ನೋಡ್ಕೊಂಡು ಬರ್ರಪ್ಪ ಅಂತ ಮೂವತ್ತು ಜನರನ್ನ ದೋಣಿ ಹತ್ತಿಸಿ ಕಳಿಸಿದರಂತೆ. ಅವರಿಗೆಲ್ಲ ಯಜಮಾನ ವೆಂಡಲ್ ಅನ್ನೋ ಕ್ಯಾಪ್ಟನ್, ಕಡ್ಡಿ ಮುರಿದಂಗೆ ಮಾತಾಡೋನು. ದೋಣಿಗೆ ಹಗ್ಗ ಕಟ್ಟಿ ದಡದ ಮೇಲಿಂದ ಎಳೆಯೋರಲ್ಲಿ ಗಿಡಿಯನ್ ಅಂತ ಒಬ್ಬ ಇದ್ದ. ನಮ್ಮ ನಾಲಿಗೆಗೆ ಗಿಡ್ಡಣ್ಣ ಅಂತಿಟ್ಕೊ. ಆಳು ಮಾತ್ರ ತೆಂಗಿನಮರ, ಬಗ್ಗದೆ ಯಾವ ಬಾಗಿಲಲ್ಲೂ ನುಗ್ಗಿದೋನಲ್ಲ.

ಹೊರಡೋ ದಿನವೇ ಕ್ಯಾಪ್ಟನ್ ಒಂದು ಕಟ್ಟು ಹಾಕಿಬಿಟ್ಟನಂತೆ. ನೋಡ್ರಪ್ಪ, ಹಿಮ ಬೀಳೋದ್ರೊಳಗೆ ದೊಡ್ಡ ಬೆಟ್ಟ ದಾಟಬೇಕು, ತಡವಾದ್ರೆ ಎಲ್ಲರೂ ಸಾಯ್ತೀವಿ. ಯಾವನಿಗೆ ನಡೆಯೋಕಾಗಲ್ವೋ ಅವನು ಅಲ್ಲೇ ಉಳೀಬೇಕು, ಒಬ್ಬನಿಗೋಸ್ಕರ ಇಷ್ಟು ಜನ ನಿಲ್ಲೋಹಾಗಿಲ್ಲ ಅಂದ. ಆಗ ಎಲ್ಲರ ಕಾಲೂ ಗಟ್ಟಿ ಇತ್ತಲ್ಲ, ಆಗಲಿ ದೊರೆ ಅಂದುಬಿಟ್ರು.

ಮೊದಲ ಕಂಟಕ ಹೊಳೆ. ಹೊಳೆ ಅಂದ್ರೆ ನಮ್ಮ ಕಾವೇರಿ ಥರ ಅಲ್ಲ ಮಗಾ, ಈ ದಡ ಬಿಟ್ಟ ಮರಿಕಾಗೆ ಆ ದಡ ಮುಟ್ಟೋ ಹೊತ್ತಿಗೆ ಮೊಮ್ಮಕ್ಕಳನ್ನ ಕಂಡಿರ್ತಿತ್ತಂತೆ. ಎದುರು ನೀರಿಗೆ ದೋಣಿ ಎಳೀತಾ ಎಳೀತಾ ಒಂದಿನ ಹಗ್ಗ ಕಿತ್ತು, ಆಮೋಸ್ ಅನ್ನೋನ ಮಂಡಿ ಚಿಪ್ಪು ತಿರುಗಿಹೋಯ್ತು. ಒಂದು ಮರದ ಕೆಳಗೆ ಕೂರಿಸಿ, ಒಣಮಾಂಸ ಕೊಟ್ಟು, ಒಂದು ಬಂದೂಕ ಕೊಟ್ಟು, ವಾಪಸ್ ಬರೋವಾಗ ಕರ್ಕೊಂಡು ಹೋಗ್ತೀವಿ ಅಂದ್ರು. ವಾಪಸ್ ಅಂದ್ರೆ ವರ್ಷ. ಆಮೋಸ್ ಕೈ ಬೀಸಿದ. ಗಿಡ್ಡಣ್ಣ ತಿರುಗಿ ತಿರುಗಿ ನೋಡಿದ, ಆ ಕೈ ಕಡ್ಡಿಯಷ್ಟಾಗಿ ಕಾಣದಾಗೋವರೆಗೂ ಆಡ್ತಾನೇ ಇತ್ತಂತೆ.

ಎರಡನೇದು ಕರಡಿ. ಮೂರು ಎಮ್ಮೆ ಸೇರಿಸಿ ಹೊಲಿದಂಗೆ ಒಂದು ಕರಡಿ. ಹನ್ನೊಂದು ಗುಂಡು ಹೊಡೆದ್ರೂ ಅದು ಸೊಳ್ಳೆ ಕಚ್ಚಿತೇನೋ ಅಂತ ಮೈ ಕೆರ್ಕೊಳ್ತಂತೆ. ಜೀವ ಕೈಲಿ ಹಿಡ್ಕೊಂಡು ಎಲ್ಲರೂ ಮರ ಹತ್ತಿದ್ರು, ಲೂಥರ್ ಅನ್ನೋನು ಕೊಂಬೆ ಮುರಿದು ಬಿದ್ದು ಕಣಕಾಲು ಮುರ್ಕೊಂಡ. ಕರಡಿ ತನ್ನ ಪಾಡಿಗೆ ಹೋದಮೇಲೆ ಅವನನ್ನೂ ಹಂಗೇ ಒಂದು ಮರದ ಕೆಳಗೆ ಕೂರಿಸಿದ್ರು. ಅವತ್ತಿಂದ ಯಾರೂ ನಗಾಡಲಿಲ್ಲ. ಎಲ್ಲರೂ ಹೆಜ್ಜೆ ನೋಡ್ಕೊಂಡು ನಡಿಯೋರು, ಮೂರನೇ ಮರ ಯಾರದು ಅಂತ.

ಮೂರನೇದು ಪಾಪಾಸುಕಳ್ಳಿ. ಹೊಳೆ ಸಣ್ಣದಾಯ್ತು, ದೋಣಿ ಅಲ್ಲೇ ಬಿಟ್ಟುಬಂದ್ರು, ಕಾಲ್ನಡಿಗೆ ಶುರುವಾಯ್ತು. ಕಣ್ಣು ಹಾಯೋವರೆಗೂ ಕಳ್ಳಿ, ನೆಲಕ್ಕೆ ಅಂಟ್ಕೊಂಡು. ಬೂಟು ಹರಿದು ಎಂದೋ ಹೋಗಿತ್ತು, ಜಿಂಕೆ ಚರ್ಮದ ಜೋಡು ಹೊಲ್ಕೊಂಡು ಹಾಕಿದ್ರು. ಆ ಮುಳ್ಳಿಗೆ ಅದು ಯಾವ ಲೆಕ್ಕ? ಗಿಡ್ಡಣ್ಣನ ಅಂಗಾಲಿಗೆ ಮುಳ್ಳು ನಾಟಿ, ಒಳಗೇ ಮುರಿದು, ಕೀವಾಗಿ, ಹೆಜ್ಜೆ ಇಟ್ಟರೆ ನೋವು ನೆತ್ತಿಗೇ ಬಡಿಯೋದು. ಹೇಳಿದ್ರೆ ಮರದ ಕೆಳಗೆ. ಅದಕ್ಕೇ ಅವನು ಎಲ್ಲರಿಗಿಂತ ಮುಂದೆ ಹಾಡ್ಕೊಂಡು ನಡೀತಿದ್ದ. ಮಲಗಿದ್ರೂ ಜೋಡು ಬಿಚ್ಚಲಿಲ್ಲ.

ಅಡುಗೆ ಮಾಡೋ ಕ್ಯಾಲೆಬ್ ಕೇಳಿದ, ಏನಯ್ಯಾ ಗಿಡ್ಡಣ್ಣ, ಜೋಡಿನೊಳಗೆ ಚಿನ್ನ ಬಚ್ಚಿಟ್ಟಿದೀಯೇನೋ? ಹೂಂ ಕಣೋ, ನಿನಗೆ ಪಾಲಿಲ್ಲ ಅಂದ ಗಿಡ್ಡಣ್ಣ. ಬಾಯಿ ನಕ್ಕಿತು, ಕೈ ಜೋಡಿನ ದಾರವನ್ನ ಇನ್ನೊಂದು ಸುತ್ತು ಬಿಗೀತು.

ದಿನಾ ಬೆಳಗಾದ್ರೆ ಕ್ಯಾಪ್ಟನ್ ಸಾಲು ನಿಲ್ಲಿಸಿ ಕೇಳೋನು, ಯಾರಾದ್ರೂ ಕುಂಟ್ತಿದ್ದೀರೇನ್ರೋ? ಇಲ್ಲ ದೊರೆ ಅಂತ ಎಲ್ಲರೂ ಒಂದೇ ಉಸಿರಿಗೆ ಅನ್ನೋರು. ಗಿಡ್ಡಣ್ಣ ಎಲ್ಲರಿಗಿಂತ ಜೋರಾಗಿ.

ಆಮೇಲೆ ದೊಡ್ಡ ಬೆಟ್ಟ ಎದುರಿಗೆ ಬಂತು. ಅದರ ತುದಿಗೆ ಆಗಲೇ ಬೆಳ್ಳಗೆ ಹಿಮ ಕೂತಿದೆ. ಕುದುರೆ ಇಲ್ಲದೆ ದಾಟೋಹಾಗಿಲ್ಲ. ಬೆಟ್ಟದ ಬುಡದಲ್ಲಿ ಅಲ್ಲಿಯ ಮೂಲದ ಜನ ಡೇರೆ ಹಾಕಿದ್ರು, ಅವರ ಹತ್ರ ಏಳುನೂರು ಕುದುರೆ. ಆ ಹಟ್ಟಿಯ ಯಜಮಾನ ಬಂದ, ಜತೆಗೆ ಅವನ ತಾಯಿ, ಹಲ್ಲಿಲ್ಲದ ಮುದುಕಿ. ಅವಳು ಸಣ್ಣವಳಿದ್ದಾಗ ತುಪ್ಪಳದ ವ್ಯಾಪಾರಿಗಳ ಕೋಟೆಯಲ್ಲಿ ಬೆಳೆದಿದ್ದರಿಂದ ಇವರ ಮಾತು ಬರ್ತಿತ್ತು. ಚರ್ಮ ಹಾಸಿ ಎಲ್ಲರನ್ನೂ ಸುತ್ತ ಕೂರಿಸಿದ್ರು. ಯಜಮಾನ ಉದ್ದನೆ ಚಿಲುಮೆ ತೆಗೆದ. ಹಚ್ಚೋ ಮುಂಚೆ ಅವನೂ ಅವನ ಕಡೆಯವರೂ ತಮ್ಮ ಜೋಡು ಬಿಚ್ಚಿ ಪಕ್ಕಕ್ಕಿಟ್ರು.

ನೀವೂ ಬಿಚ್ಚಿ ಅಂದ್ಳು ಮುದುಕಿ. ಇದು ನಮ್ಮ ಆಣೆ. ನನ್ನ ಮಾತು ಸುಳ್ಳಾದ್ರೆ ಬದುಕಿರೋವರೆಗೂ ಬರಿಗಾಲಲ್ಲಿ ನಡೀತೀನಿ ಅಂತ. ಈ ಕಳ್ಳಿ ಸೀಮೆಯಲ್ಲಿ ಬರಿಗಾಲು ಅಂದ್ರೆ ಏನು ಅಂತ ಗೊತ್ತಲ್ಲ? ಒಬ್ಬ ಬಿಚ್ಚದಿದ್ರೂ ಮಾತಿಲ್ಲ, ಕುದುರೆ ಇಲ್ಲ.

ಗಿಡ್ಡಣ್ಣ ಮನಸ್ಸಲ್ಲೇ ಲೆಕ್ಕ ಹಾಕಿದ. ಬಿಚ್ಚಿದ್ರೆ ಮೂರನೇ ಮರ ನನ್ನದು. ಬಿಚ್ಚದಿದ್ರೆ ಎಲ್ಲರೂ ಹಿಮದಲ್ಲಿ ಹೂತು ಹೋಗ್ತಾರೆ. ಬೇರೆಯವರು ಬಿಚ್ಚಲಿ, ಆ ಸಂದೀಲಿ ಕಾಲನ್ನ ಹಾಸಿದ ಚರ್ಮದ ಕೆಳಗೆ ತೂರಿಸ್ತೀನಿ ಅಂತ ಕಾದ. ಯಾರೂ ಬಿಚ್ಚಲಿಲ್ಲ. ಕ್ಯಾಲೆಬ್ ಆಕಾಶ ನೋಡ್ತಿದ್ದಾನೆ. ಕ್ಯಾಪ್ಟನ್ನ ಕೈ ಜೋಡಿನ ದಾರದವರೆಗೂ ಹೋಗಿ ಅಲ್ಲೇ ನಿಂತಿದೆ. ಯಜಮಾನನ ಮುಖ ಗಂಟಾಯ್ತು. ಹಿಂದೆ ನಿಂತ ಹುಡುಗರು ಬಿಲ್ಲಿಗೆ ಕೈ ಹಾಕಿದ್ರು. ಇವರು ಕುದುರೆ ಕದಿಯೋಕೆ ಬಂದೋರು ಅಂತ ಒಬ್ಬ ಅಂದ, ಅದನ್ನ ಮುದುಕಿ ಮೆಲ್ಲಗೆ ಇವರ ಮಾತಲ್ಲಿ ಹೇಳಿದಳು.

ಗಿಡ್ಡಣ್ಣನ ಕಣ್ಣ ಮುಂದೆ ಆಮೋಸನ ಕೈ ಆಡ್ತು. ಹೋಗಲಿ, ಅವನು ಕೂತಿಲ್ಲವಾ, ನಾನೂ ಕೂರ್ತೀನಿ ಅಂದ್ಕೊಂಡು ಜೋಡು ಕಿತ್ತ. ಜೋಡಿನ ಜತೆ ಚರ್ಮವೂ ಬಂತು. ಕಾಲು ಹಲಸಿನಹಣ್ಣಿನಂಗೆ ಊದಿದೆ, ಮುದುಕಿ ಮೂಗು ಮುಚ್ಕೊಂಡಳು. ಕ್ಯಾಪ್ಟನ್ ಕಡೆ ನೋಡದೇ ಅಂದ, ದೊರೆ, ನಾನು ಇಲ್ಲೇ ಉಳೀತೀನಿ. ನೀವು ಬಿಚ್ಚಿ, ಕುದುರೆ ಸಿಗಲಿ.

ಆಮೇಲೆ ಕ್ಯಾಪ್ಟನ್ ಬಗ್ಗಿ ದಾರ ಬಿಚ್ಚಿದ. ನೋಡಿದ್ರೆ ಅವನ ಕಾಲು ಇನ್ನೂ ಭೀಕರ! ಆಮೇಲೆ ಕ್ಯಾಲೆಬ್, ಆಮೇಲೆ ಅವನ ಪಕ್ಕದೋನು, ಆಮೇಲೆ ಎಲ್ಲರೂ. ಇಪ್ಪತ್ತೆಂಟು ಜನ, ಐವತ್ತಾರು ಕಾಲು, ಒಂದು ಗಾಡಿ ಮುಳ್ಳು. ಒಬ್ಬನಿಗೆ ಹೆದರಿ ಇನ್ನೊಬ್ಬ, ಕಟ್ಟು ಹಾಕಿದೋನು ತನ್ನ ಕಟ್ಟಿಗೇ ಹೆದರಿ, ಎಲ್ಲರೂ ಬಚ್ಚಿಟ್ಕೊಂಡು ನಡೆದಿದ್ರಂತೆ.

ಮುದುಕಿ ತೊಡೆ ತಟ್ಕೊಂಡು ನಕ್ಕಳು. ಅಯ್ಯೋ ಮಂಕುಗಳಾ, ಸುಳ್ಳು ಹೇಳಿದೋರಿಗೆ ಆಗೋ ಶಿಕ್ಷೆ ಮುಂಚಿತವಾಗೇ ಅನುಭವಿಸ್ಕೊಂಡು ಬಂದಿದ್ದೀರಲ್ಲೋ! ಯಜಮಾನ ಮಾತ್ರ ನಗಲಿಲ್ಲ, ಒಂದೊಂದು ಕಾಲನ್ನೂ ನೋಡ್ಕೊಂಡು ಬಂದ. ಕದಿಯೋಕೆ ಬರೋನು ಓಡೋಕೆ ಕಾಲು ಗಟ್ಟಿ ಇಟ್ಕೊಂಡು ಬರ್ತಾನೆ, ಇವರು ಕಳ್ಳರಲ್ಲ ಅಂತ ಹೇಳಿ ಚಿಲುಮೆ ಹಚ್ಚಿದ.

ಇವರಿಂದ ಕೊಡಲಿ, ಮಣಿಸರ ತಗೊಂಡು ಒಬ್ಬೊಬ್ಬನಿಗೆ ಒಂದೊಂದು ಕುದುರೆ, ಮೇಲೆ ಎರಡು ಕೊಟ್ರು. ಮುದುಕಿ ಮೂಳೆಸೂಜಿ ಹಿಡ್ಕೊಂಡು ಮೂರು ದಿನ ಮುಳ್ಳು ತೆಗೆದಳು. ಅಷ್ಟೆತ್ತರ ಇದ್ದೀಯ, ಎಳೆಗೂಸಿನಂಗೆ ಅರಚ್ತೀಯಲ್ಲೋ ಅಂತ ಗಿಡ್ಡಣ್ಣನ ತಲೆಗೊಂದು ಮೊಟಕಿದಳಂತೆ.

ದೊರೆ, ಕಟ್ಟಿನ ಪ್ರಕಾರ ನಾನು ಉಳೀಬೇಕಲ್ಲ ಅಂದ ಗಿಡ್ಡಣ್ಣ. ಕಟ್ಟಿನ ಪ್ರಕಾರ ನಾನೂ ಉಳೀಬೇಕು ಕಣೋ ಅಂದ ಕ್ಯಾಪ್ಟನ್, ತಲೆ ಎತ್ತಲಿಲ್ಲ. ಹಂಗಾದ್ರೆ ಆ ಹೆಚ್ಚಿನ ಎರಡು ಕುದುರೆ ಆಮೋಸ್, ಲೂಥರ್‌ನ ಕರ್ಕೊಂಡು ಬರೋಕೆ ಹಿಂದಕ್ಕೆ ಹೋಗಲಿ ದೊರೆ ಅಂದ ಗಿಡ್ಡಣ್ಣ. ಹಿಮ ಬಿದ್ರೆ ಅಂತ ಕೇಳಿದ ಕ್ಯಾಪ್ಟನ್. ಬೀಳೋದ್ರೊಳಗೆ ಬರ್ತೀನಿ. ಹೋಗು, ನಾವು ಕಾಯ್ತೀವಿ ಅಂದ ಕ್ಯಾಪ್ಟನ್. ಅವನ ಬಾಯಲ್ಲಿ ಆ ಮಾತು ಅದೇ ಮೊದಲು.

ಗಿಡ್ಡಣ್ಣ ಗಾಳಿ ಹಿಂದೆ ಬೀಳೋಹಂಗೆ ಕುದುರೆ ಓಡಿಸಿದ. ಲೂಥರ್ ಸಿಕ್ಕಿದ, ಬಡಕಲಾಗಿದ್ದ, ಉಸಿರಿತ್ತು. ಆಮೋಸನ ಮರದ ಹತ್ರ ಬಂದ್ರೆ ಯಾರೂ ಇಲ್ಲ! ಬೂದಿ ತಣ್ಣಗಿದೆ, ಬಂದೂಕ ಒಂದೇ ಬಿದ್ದಿದೆ. ಗಿಡ್ಡಣ್ಣ ಅಲ್ಲೇ ಕುಸಿದು ಕೂತು, ಬಂದೂಕ ತಬ್ಕೊಂಡು ಗೊಳೋ ಅಂದನಂತೆ. ಆಗ ಹೊಳೆ ಕಡೆಯಿಂದ, ಲೋ, ಮೀನು ಹೆದರಿ ಓಡ್ತಾವೆ, ಸುಮ್ನಿರೋ ಅಂತ ಕೂಗು. ನೋಡಿದ್ರೆ ಆಮೋಸ್, ಊರುಗೋಲು ಮಾಡ್ಕೊಂಡು, ಕೈಯಲ್ಲಿ ಮೊಸಳೆಯಷ್ಟುದ್ದ ಮೀನು.

ಬೆಟ್ಟದ ಬುಡಕ್ಕೆ ಮೊದಲ ಹಿಮ ಬೀಳೋ ದಿನ ಮೂವತ್ತು ಜನವೂ ಮೂವತ್ತು ಕುದುರೆ ಹತ್ತಿ ಬೆಟ್ಟ ದಾಟಿದ್ರಂತೆ. ಆಚೆ ಇಳಿದ್ರೆ ಸಮುದ್ರ. ಭೂಮಿ ಮುಗಿದಿರಲಿಲ್ಲ, ಯಾರೂ ಕೆಳಕ್ಕೆ ಬೀಳಲಿಲ್ಲ. ಎಲ್ಲರೂ ಸಾಲಾಗಿ ಕೂತು ಆ ತಣ್ಣನೆ ನೀರಿಗೆ ಕಾಲು ಇಳಿಬಿಟ್ಕೊಂಡ್ರಂತೆ.

ಅವರು ಸಮುದ್ರ ಸೇರಿದ್ರು, ಕತೆ ದಡ ಸೇರ್ತು. ಕಾಲು ಚಾಚ್ಕೊಂಡು ಮಲ್ಕೋ ಮಗಾ.