ಎಲೆಗೆ ಬಂದ ಕೆಂಪು

"ಬುದ್ಧೀ, ಹಾಡು ಒಲಿದ ಮಗುವನ್ನು ದೊಡ್ಡ ವೇದಿಕೆಗೆ ಕಳಿಸುವುದು ತಪ್ಪೇ?"

ಮರುಳಪ್ಪ ಕೇಳಿದ ರೀತಿ ಪ್ರಶ್ನೆಯಂತಿರಲಿಲ್ಲ. ಹೂಂ ಎನ್ನಿಸಿಕೊಂಡು ಹೊರಡಲು ಬಂದವನ ಮಾತಿನಂತಿತ್ತು. ಮಠದ ಬಾಗಿಲಲ್ಲಿ ಸಂಗೀತ ಕಾರ್ಯಕ್ರಮದ ಆಯೋಜಕರ ಕಾರು ನಿಂತಿತ್ತು. ಅದರೊಳಗೆ ಅವನ ಮಗಳು ನೀಲಾಂಬಿಕೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದಳು. ಹನ್ನೆರಡರ ಹುಡುಗಿ, ಹೋದ ಸ್ಪರ್ಧೆಗಳಲ್ಲೆಲ್ಲ ಗೆದ್ದವಳು. ಈ ಸಂಜೆ ಮರುಳಪ್ಪ ಒಪ್ಪಿಗೆ ಕೊಟ್ಟರೆ ಬೇಸಿಗೆಯುದ್ದಕ್ಕೂ ಊರಿಂದ ಊರಿಗೆ ಅವಳ ಹಾಡು. ಎರಡು ಸಲ ಅವಳ ಗಂಟಲು ಕಟ್ಟಿತ್ತು, ಔಷಧಿ ಕೊಟ್ಟ ಮೇಲೆ ಬಿಟ್ಟಿತ್ತು. ಸ್ವಾಮಿಗಳನ್ನು ಒಂದು ಮಾತು ಕೇಳದೆ ಒಪ್ಪಿಕೊಳ್ಳಕೂಡದೆಂದು ಹೆಂಡತಿ ಹಟ ಹಿಡಿದಿದ್ದಳು. ಅದಕ್ಕೇ ಬಂದಿದ್ದ.

ಸ್ವಾಮಿಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತುಕೋ" ಎಂದರು.

"ಕಾರು ಕಾಯುತ್ತಿದೆ, ಬುದ್ಧೀ."

"ಕಾಯಲಿ. ಅದಕ್ಕೇನು ಹಸಿವೆಯೇ, ನೀರಡಿಕೆಯೇ? ಕೂತುಕೋ."

ಮರುಳಪ್ಪ ಚಾಪೆಯ ಅಂಚಿನಲ್ಲಿ ಕೂತ. ಸ್ವಾಮಿಗಳು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಕನ್ನಡಕದ ವ್ಯಾಪಾರಿಯಿದ್ದ. ಅವನಿಗೆ ಗಾಜಿನ ಪೆಟ್ಟಿಗೆಯೊಳಗೆ ತೋಟ ಮಾಡುವ ಹುಚ್ಚು. ಅಂತಿಂಥ ಹುಚ್ಚಲ್ಲ. ಪೆಟ್ಟಿಗೆಯ ತಳಕ್ಕೆ ಇದ್ದಿಲು, ಅದರ ಮೇಲೆ ಪಾಚಿ, ಪಾಚಿಯ ನಡುವೆ ಒಂದು ಒಣಕೊಂಬೆ. ಆ ಕೊಂಬೆಗೆ ಕಟ್ಟಲು ಒಂದು ಪುಟ್ಟ ಆರ್ಕಿಡ್ ಬೇಕೆಂದು ಸಸಿ ಮಾರುವಲ್ಲಿಗೆ ಹೋದ. ಅಲ್ಲಿ ಮೈತುಂಬ ಹೂ ಬಿಟ್ಟ ಗಿಡಗಳು ಸಾಲಾಗಿದ್ದವು. ಬಂದವರೆಲ್ಲ ಅವಕ್ಕೇ ಕೈ ಹಾಕುತ್ತಿದ್ದರು. ಈ ಪುಣ್ಯಾತ್ಮ ಅತ್ತ ತಿರುಗಿಯೂ ನೋಡಲಿಲ್ಲ. ಒಂದೊಂದು ಗಿಡವನ್ನೂ ಎತ್ತಿ ಬೇರು ನೋಡಿದ, ಎಲೆ ಮುಟ್ಟಿ ನೋಡಿದ. ಕೊನೆಗೆ ಮೂಲೆಯಲ್ಲಿದ್ದ, ಹೂವಿಲ್ಲದ, ಹೆಬ್ಬೆರಳಷ್ಟು ಗಿಡವೊಂದನ್ನು ಆರಿಸಿಕೊಂಡ. ಅದರ ಬೇರು ಬೆಳ್ಳಗೆ ಗಟ್ಟಿಯಾಗಿತ್ತು, ಎಲೆ ಎಳೆಹಸಿರಾಗಿತ್ತು. ಅವನು ಆರಿಸಿದ್ದರಲ್ಲಿ ತಪ್ಪಿರಲಿಲ್ಲ. ಇದನ್ನು ನೆನಪಿಟ್ಟುಕೋ ಮರುಳಪ್ಪ, ಅವನು ತಿಳಿಯದವನಲ್ಲ.

ಬೆಳಕನ್ನೂ ಸರಿಯಾಗಿಯೇ ಕೊಟ್ಟ. ಅಂಗಡಿಯಲ್ಲಿಟ್ಟ ಪೆಟ್ಟಿಗೆಯ ಮೇಲೆ ಒಂದು ದೀಪ ತೂಗುಹಾಕಿದ. ಅದನ್ನು ಏರಿಸಲು ಇಳಿಸಲು ಸರಪಳಿ ಇತ್ತು. ದಿನಾ ಅಂಗಡಿ ತೆರೆದ ಕೂಡಲೇ ಮುಚ್ಚಳ ಸರಿಸಿ ಎಲೆಯ ಪಕ್ಕದಲ್ಲಿ ಅಂಗೈ ಹಿಡಿಯುತ್ತಿದ್ದ. ಕೈಗೆ ಬಿಸಿ ಹತ್ತಿದರೆ ದೀಪವನ್ನು ಒಂದು ಕೊಂಡಿ ಮೇಲಕ್ಕೆತ್ತುತ್ತಿದ್ದ. ಎಲೆ ಕಪ್ಪುಗಟ್ಟಿದ ಹಸಿರಾದರೆ ಬೆಳಕು ಸಾಲದು, ಅಂಚು ಕೆಂಪಾದರೆ ಬೆಳಕು ಹೆಚ್ಚಾಯಿತು. ಇದು ಅವನಿಗೆ ಬಾಯಿಪಾಠವಾಗಿತ್ತು. ಕತ್ತಲಾದ ಮೇಲೆ ದೀಪ ಆರಿಸುತ್ತಿದ್ದ. ಗಿಡಕ್ಕೂ ನಿದ್ದೆ ಬೇಕಲ್ಲ.

ಗಿಡ ಹೂ ಬಿಟ್ಟಿತು. ಅಕ್ಕಿಕಾಳಿನಷ್ಟು ಹೂ. ಕನ್ನಡಕ ಕೊಳ್ಳಲು ಬಂದವರು ಕನ್ನಡಕ ಮರೆತು ಪೆಟ್ಟಿಗೆಗೆ ಮೂಗು ತಾಗಿಸಿ ನಿಂತರು. ಬರಬರುತ್ತ ಹೂ ನೋಡಲೆಂದೇ ಜನ ಬರತೊಡಗಿದರು. ಇನ್ನಷ್ಟು ಬೆಳಕು ಹಾಕಿ, ಚೆನ್ನಾಗಿ ಕಾಣಲಿ ಎಂದ ಒಬ್ಬ. ವ್ಯಾಪಾರಿ ದೀಪವನ್ನು ಒಂದು ಕೊಂಡಿ ಇಳಿಸಿದ. ಹೂ ಹೊಳೆಯಿತು. ಇನ್ನೊಬ್ಬ ಕತ್ತಲಾದ ಮೇಲೆ ನೆಂಟರನ್ನು ಕರೆತಂದ. ಅವರಿಗಾಗಿ ದೀಪ ಉರಿಯಿತು. ಆಮೇಲೆ ಅದನ್ನು ಆರಿಸುವುದೇ ತಪ್ಪಿಹೋಯಿತು. ಊರಿನ ಫಲಪುಷ್ಪ ಪ್ರದರ್ಶನದವರು ಬಂದು, ಈ ಪೆಟ್ಟಿಗೆ ನಮ್ಮ ಬಾಗಿಲಲ್ಲೇ ಇರಬೇಕು ಎಂದರು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗೈ ಹಿಡಿದು ನೋಡುವುದು ಯಾವತ್ತು ನಿಂತಿತೋ ಅವನಿಗೇ ತಿಳಿಯಲಿಲ್ಲ.

ಹೊರಗೆ ಕಾರಿನ ಹಾರನ್ ಕೂಗಿತು. ಮರುಳಪ್ಪ ಏಳಲು ಹೋದ. ಸ್ವಾಮಿಗಳು ಕಣ್ಣಲ್ಲೇ ಅವನನ್ನು ಕೂರಿಸಿದರು.

ಪ್ರದರ್ಶನ ಹತ್ತಿರ ಬಂದಾಗ ಎಲೆಯ ಅಂಚಿಗೆ ಕೆಂಪು ಬಂತು. ಮೊದಲು ಅದನ್ನು ಕಂಡವಳು ವ್ಯಾಪಾರಿಯ ಹೆಂಡತಿ. 'ಎಲೆ ಕೆಂಪಗಾಗಿದೆಯಲ್ರೀ. ಒಂದು ಸಲ ಕೈ ಹಿಡಿದು ನೋಡಿ' ಎಂದಳು.

'ಜನ ಆ ಕೆಂಪನ್ನೂ ಚಂದ ಅಂತಿದ್ದಾರೆ, ನಿನ್ನದೊಂದು ರಗಳೆ. ಹೊಸ ಮೊಗ್ಗು ಎಷ್ಟು ಬಂದಿದೆ ನೋಡು. ಸಂಕಟದಲ್ಲಿರೋ ಗಿಡ ಹೀಗೆ ಮೊಗ್ಗು ಬಿಡುತ್ತಾ?'

ಮೊಗ್ಗು ಬಂದದ್ದು ಸುಳ್ಳಾಗಿರಲಿಲ್ಲ. ಆದರೆ ಅವನಿಗೂ ಒಳಗೊಳಗೇ ಅಳುಕು ಹತ್ತಿತು. ಆ ಕೆಂಪಿನ ಅರ್ಥ ಅವನಿಗಿಂತ ಚೆನ್ನಾಗಿ ಬಲ್ಲವರು ಆ ಪೇಟೆಯಲ್ಲೇ ಇರಲಿಲ್ಲ. ಮರುದಿನ ಬೆಳಿಗ್ಗೆ ಸರಪಳಿಗೆ ಕೈ ಹಾಕಿದ. ದೀಪ ಎತ್ತಿದರೆ ಮೊಗ್ಗು ಅರಳುವುದು ತಡವಾದೀತು, ಪ್ರದರ್ಶನ ಕೈತಪ್ಪೀತು ಎಂದು ಹೆದರಿದ. ಇದೊಂದು ಮುಗಿಯಲಿ, ಆಮೇಲೆ ಎತ್ತಿದರಾಯಿತು ಎಂದುಕೊಂಡ. ಕೈ ಹಿಂದಕ್ಕೆ ತೆಗೆದ.

ಮರುಳಪ್ಪ ತಲೆಯೆತ್ತಿ ಸ್ವಾಮಿಗಳ ಮುಖ ನೋಡಿದ. ಇದೊಂದು ಮುಗಿಯಲಿ ಎಂಬ ಮಾತನ್ನು ಅವನು ಆ ಬೆಳಿಗ್ಗೆಯೇ ಹೆಂಡತಿಗೆ ಹೇಳಿ ಬಂದಿದ್ದ.

ಪ್ರದರ್ಶನದ ದಿನ ಗಿಡ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತ್ತು. ಜನ ಮುಗಿಬಿದ್ದರು. ವ್ಯಾಪಾರಿಯ ಕೊರಳಿಗೆ ಹಾರ ಬಿತ್ತು. ಹೂವೆಲ್ಲ ಉದುರಿದ ಮೇಲೆ ಅವನು ಮುಚ್ಚಳ ಸರಿಸಿ ಎಲೆ ಮುಟ್ಟಿದ. ಎಲೆ ಕೈಗೇ ಬಂತು. ಬೇರನ್ನು ಒತ್ತಿದ. ಒಳಗೆ ಏನೂ ಇರಲಿಲ್ಲ, ಬರೀ ನಾರು. ಸಾಯುವ ಮೊದಲು ಬೀಜವನ್ನಾದರೂ ಉಳಿಸೋಣವೆಂದು ಆ ಗಿಡ ಇದ್ದಬದ್ದ ಜೀವವನ್ನೆಲ್ಲ ಹೂವಿಗೆ ಸುರಿದಿತ್ತು. ವ್ಯಾಪಾರಿ ಅಲ್ಲೇ ಕುಸಿದು ಕೂತು ಅತ್ತ.

'ಅಷ್ಟು ಜನ ನೋಡಿದರಲ್ಲ, ಒಬ್ಬರಿಗೂ ಕಾಣಲಿಲ್ಲವೇನೇ?' ಎಂದ.

'ಅವರು ಹೂ ನೋಡೋಕೆ ಬಂದವರು. ಎಲೆ ನೋಡಬೇಕಾಗಿದ್ದವರು ನೀವು' ಎಂದಳು ಹೆಂಡತಿ.

ಸ್ವಾಮಿಗಳು ಕತೆ ನಿಲ್ಲಿಸಿದರು. ಹೊರಗೆ ಹಾರನ್ ಮತ್ತೆ ಕೂಗಿತು, ಈ ಸಲ ಉದ್ದವಾಗಿ. ಮರುಳಪ್ಪ ಬಾಗಿಲತ್ತ ನೋಡಿದ. ಎದ್ದು ಹೋಗಲು ಮನಸ್ಸಾಗಲಿಲ್ಲ, ಸೋಲೊಪ್ಪಲೂ ಮನಸ್ಸಾಗಲಿಲ್ಲ.

"ಬುದ್ಧೀ, ಅದು ಗಿಡ. ನಮ್ಮ ನೀಲಾ ಹಾಗಿಲ್ಲ. ಮೊನ್ನೆ ಅವಳು ಹಾಡಿದ್ದನ್ನು ತಾವು ಕೇಳಬೇಕಿತ್ತು. ಸಭೆಗೆ ಸಭೆಯೇ ಎದ್ದು ನಿಂತಿತು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಹಾಡಿರಲಿಲ್ಲ."

"ಸಭೆಯ ಮಾತು ಇರಲಿ," ಎಂದರು ಸ್ವಾಮಿಗಳು, "ಮನೆಯಲ್ಲಿ ಜಡೆ ಹೆಣೆದುಕೊಳ್ಳುವಾಗಲೋ ಬಟ್ಟೆ ಮಡಿಸುವಾಗಲೋ ನಿನ್ನ ಮಗಳು ತನ್ನಷ್ಟಕ್ಕೆ ತಾನು ಗುನುಗಿದ್ದನ್ನು ನೀನು ಕೊನೆಯ ಸಲ ಕೇಳಿದ್ದು ಯಾವಾಗ, ಮರುಳಪ್ಪ?"